ತೊಳೆದ ಬೂಟು

ಮಂಗಳವಾರ ಬೆಳಗ್ಗೆ, ರಾತ್ರಿ ಹೆಪ್ಪು ಹಾಕಿ ಓವನ್‌ನೊಳಗೆ ಇಟ್ಟಿದ್ದ ಮೊಸರಿನ ಪಾತ್ರೆಯನ್ನು ಈಚೆ ತೆಗೆಯುತ್ತಿದ್ದಾಗ ಫೋನಿಗೆ ಒಂದು ಫೋಟೊ ಬಂತು. ಮರದ ಮೇಜು, ಅದರ ಮೇಲೆ ಹಾಸಿದ ಹಳೆಯ ಪೇಪರು, ಪೇಪರಿನ ಮೇಲೆ ಒಂದು ಜೊತೆ ಕರಿಯ ಫುಟ್‌ಬಾಲ್ ಬೂಟು. ಅಡಿಯ ಗುಬ್ಬಿಗಳ, ಅಂದರೆ ಸ್ಟಡ್ಡುಗಳ, ನಡುವೆ ಕೆಂಪು ಮಣ್ಣು ಒಣಗಿ ಕೂತಿದೆ. ಎಡಗಾಲಿನ ಬೂಟಿನ ಮೂತಿಯ ಮೇಲೆ, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು, ಮಾಸಿದ ಕುಂಕುಮ.

ಫೋಟೊದ ಕೆಳಗೆ ಕಾಗದದಷ್ಟು ಉದ್ದದ ಮೆಸೇಜು. ಬರೆದಾಕೆ ಸ್ವಿಟ್ಜರ್ಲೆಂಡಿನವರು, ನಮ್ಮ ಪಕ್ಕದ ಮನೆಯಲ್ಲಿದ್ದ ಕೋಚ್ ಅವರ ಅಕ್ಕ. ತಮ್ಮ ಹೋದ ತಿಂಗಳು ತೀರಿಕೊಂಡ, ಹೃದಯ ನಿಂತಿತು ಎಂದು ಎರಡೇ ಸಾಲಿನಲ್ಲಿ ತಿಳಿಸಿದ್ದರು. ನನ್ನ ನಂಬರು ತಮ್ಮನ ಅಡುಗೆಮನೆಯ ಗೋಡೆಯ ಮೇಲೆ 'ಪುದೀನ' ಎಂಬ ಮಾತಿನ ಪಕ್ಕ ಬರೆದಿತ್ತಂತೆ. ಆಮೇಲೆ ವಿಷಯ. ಊರಿನ ಕ್ಲಬ್ಬಿನವರು ಕೋಚ್ ಅವರ ಕಡೆಯ ಆಟದ ಬೂಟನ್ನು ಗಾಜಿನ ಬೀರುವಿನಲ್ಲಿ ಇಡಬೇಕೆಂದಿದ್ದಾರೆ. ಶನಿವಾರ ಕೊಡಬೇಕು. "ಆದರೆ ಈ ಮಣ್ಣು ನಮ್ಮ ಮೈದಾನದ್ದಲ್ಲ. ನಮ್ಮದು ಕರಿಯ ಮಣ್ಣು, ಇದು ಕೆಂಪು. ಹೀಗೇ ಇಟ್ಟರೆ ಸುಳ್ಳಾಗುತ್ತದೆ. ತೊಳೆದುಬಿಡಲೇ? ನಿಮಗೇನಾದರೂ ಗೊತ್ತಿದ್ದರೆ ಹೇಳಿ."

ಮೊಸರಿನ ಪಾತ್ರೆ ಕೈಯಲ್ಲೇ ಇತ್ತು. ನನಗೆ ಗೊತ್ತಿದೆ. ನನ್ನಷ್ಟು ಗೊತ್ತಿರುವವರು ಇನ್ನು ಯಾರೂ ಉಳಿದಿಲ್ಲ. ಆದರೂ ಕೂಡಲೇ ಉತ್ತರ ಬರೆಯಲು ಕೂರಲಿಲ್ಲ.

ನಾವು ಅಮೆರಿಕದ ಕೆರೊಲಿನಾದಲ್ಲಿರುವ ಏಪೆಕ್ಸ್‌ಗೆ ಬಂದು ಎರಡು ವರ್ಷವಾಗಿದ್ದರೂ ಎಡಗಡೆ ಮನೆಯವರ ಪರಿಚಯ ಕೈ ಬೀಸುವುದರಾಚೆ ಹೋಗಿರಲಿಲ್ಲ. 2020ರ ವಸಂತದಲ್ಲಿ ಎಲ್ಲ ಮುಚ್ಚಿತಲ್ಲ, ಆಗ ಕೆಲಸ, ಸ್ಕೂಲು, ಜಗಳ ಎಲ್ಲವೂ ಮನೆಯೊಳಗೇ. ನಮ್ಮತ್ತೆ ಜನವರಿಯಲ್ಲಿ ಮೈಸೂರಿನಿಂದ ಬಂದವರು ವಿಮಾನಗಳು ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ಮಗಳು ಅನುಗೆ ಆಗ ಹನ್ನೊಂದು ವರ್ಷ. ಪೈನ್ ಮರಗಳ ಹಳದಿ ಪರಾಗದ ಪುಡಿ ಕಾರಿನ ಮೇಲೆಲ್ಲ ಕೂತು, ಬೆರಳಲ್ಲಿ ರಂಗೋಲಿ ಬರೆಯಬಹುದಾದ ಕಾಲ ಅದು. ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಪಕ್ಕದ ಡ್ರೈವ್‌ವೇಯಿಂದ ಟಪ್, ಟಪ್, ಟಪ್ ಅಂತ ಒಂದೇ ಲಯದ ಸದ್ದು. ಐವತ್ತರ ಹತ್ತಿರದ ಆ ಮನುಷ್ಯ ಒಬ್ಬರೇ ನಿಂತು, ಚೆಂಡನ್ನು ನೆಲಕ್ಕೆ ಬಿಡದೆ ಎಡಗಾಲಿನಲ್ಲಿ ಆಡಿಸುತ್ತಿದ್ದರು. ಬಲಮಂಡಿಗೆ ನೀಲಿ ಪಟ್ಟಿ. ಅನು ನಮ್ಮ ಡ್ರೈವ್‌ವೇಯಲ್ಲಿ ನಿಂತು ಲೆಕ್ಕ ಹಾಕುತ್ತಿದ್ದಳು. ನಾಲ್ಕನೇ ದಿನ ಅವರು ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿ ಅವಳ ಕಾಲ ಹತ್ತಿರ ಕಳಿಸಿದರು.

ಹಾಗೆ ಶುರುವಾಯಿತು. ನಡುವೆ ಆರಡಿ ಹುಲ್ಲು, ಈಚೆ ಇವಳು, ಆಚೆ ಅವರು. ಮೊದಲ ಹದಿನೈದು ದಿನ ಒದೆಯಲು ಬಿಡಲೇ ಇಲ್ಲ, ಲೇಸ್ ಕಟ್ಟಿಸಿದರು. ಎಡ ಬೂಟು ಮೊದಲು. ಲೇಸು ಎಲ್ಲೂ ತಿರುಚಬಾರದು, ಪಟ್ಟಿಯಂತೆ ಚಪ್ಪಟೆಯಾಗಿ ಕೂರಬೇಕು. ಗಂಟು ನಡುವೆ ಅಲ್ಲ, ಹೊರಮಗ್ಗುಲಿಗೆ.

"ಅಮ್ಮಾ, ಹಿ ಈಸ್ ನಾಟ್ ಈವನ್ ಲೆಟಿಂಗ್ ಮಿ ಕಿಕ್!" ಎಂದು ಅನು ಒಳಗೆ ಬಂದು ಗೋಳಾಡಿದಳು.

"ಸಂಗೀತಕ್ಕೆ ಸೇರಿಸಿದ್ರೆ ಒಂದು ವರ್ಷ ಸರಳೆವರಸೆ ಹೇಳಿಸ್ತಾರೆ ಕಣೇ," ಎಂದರು ನಮ್ಮತ್ತೆ. "ಒಳ್ಳೇ ಮೇಷ್ಟ್ರು ಸಿಕ್ಕಿದ್ದಾರೆ. ಬಾಯಿ ಮುಚ್ಕೊಂಡು ಕಲಿ."

ಅಂದಿನಿಂದ ಅತ್ತೆಯ ಬಾಯಲ್ಲಿ ಅವರು ಚೆಂಡಿನ ಮೇಷ್ಟ್ರು. ಅತ್ತೆಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರಿಗೂ ಅದು ತೊಂದರೆ ಅನ್ನಿಸಲೇ ಇಲ್ಲ. ಬೆಳಗ್ಗೆ ವರಾಂಡದ ಕುರ್ಚಿಯಿಂದ ಇವರು "ಏನ್ರೀ ಮೇಷ್ಟ್ರೇ, ಊಟ ಆಯ್ತಾ?" ಎಂದರೆ, ಅವರು ಚೆಂಡು ನಿಲ್ಲಿಸಿ, ಎರಡೂ ಕಾಲು ಜೋಡಿಸಿ ನಿಂತು, "ಆಯ್ತು ಅಜ್ಜಿ" ಎನ್ನುತ್ತಿದ್ದರು. ಗಂಟೆ ಹತ್ತಾಗಿರಲಿ, ಹನ್ನೊಂದಾಗಿರಲಿ, ಅದೇ ಉತ್ತರ. 'ಸಾಕು' ಎಂಬ ಮಾತು ನಮ್ಮ ಮನೆಯ ಊಟದಿಂದ ಕಲಿತದ್ದು. ಅತ್ತೆ ಬಿಸಿಬೇಳೆಬಾತ್ ಡಬ್ಬಿಗೆ ಮೂರನೇ ಸೌಟು ಹಾಕುವಾಗ ನಾನು ಹೇಳಿಕೊಟ್ಟಿದ್ದೆ. ಅದನ್ನು ಅವರು ಮೈದಾನಕ್ಕೂ ಒಯ್ದರು. ಮುಂದೆ ಆಟಗಳು ಮತ್ತೆ ಶುರುವಾಗಿ ಅನು ಅವರ ಟೀಮಿಗೆ ಸೇರಿದ ಮೇಲೆ, ಏಪೆಕ್ಸಿನ ಹದಿನಾಲ್ಕು ಹುಡುಗಿಯರು, ಬಿಳಿಯರು, ಕರಿಯರು, ಚೀನಾದವರು, ನಮ್ಮವರು, ಓಡಿ ಸುಸ್ತಾಗಿ ಬಿದ್ದಾಗ ಅವರ ಬಾಯಿಂದ "ಸಾಕು" ಬರುವುದನ್ನೇ ಕಾಯುತ್ತಿದ್ದರು. ಅದು ಸ್ವಿಸ್ ಮಾತು ಎಂದೇ ಆ ಮಕ್ಕಳ ನಂಬಿಕೆ.

ಅವರ ಹೊತ್ತು ಅಂದರೆ ಹೊತ್ತು. ಐದು ಗಂಟೆಗೆ ಕಾಫಿಗೆ ಕರೆದರೆ ಐದಕ್ಕೆ ಐದು ನಿಮಿಷವಿರುವಾಗ ನಮ್ಮ ಮೇಲ್‌ಬಾಕ್ಸ್ ಹತ್ತಿರ ಬಂದು ನಿಲ್ಲುವರು. ಅಲ್ಲೇ ನಿಂತು ಆಕಾಶ ನೋಡುವರು. ಐದಾದ ಮೇಲೆ ಬೆಲ್. ಇವರು, ನನ್ನ ಯಜಮಾನರು, ಕಿಟಕಿಯಿಂದ ನೋಡಿ, "ಪಾಪ, ಒಳಗೆ ಕರಿಯೇ" ಅಂದರೆ, "ಕರೆದ್ರೂ ಬರಲ್ಲ ಬಿಡಿ, ಇನ್ನೂ ಮೂರು ನಿಮಿಷ ಇದೆ" ಎನ್ನುತ್ತಿದ್ದೆ ನಾನು.

ಆಟದ ಜೀವನದ ಬಗ್ಗೆ ಅವರು ಕೂತು ಹೇಳಿದ್ದು ಇಲ್ಲವೇ ಇಲ್ಲ. ಹುಲ್ಲು ಕತ್ತರಿಸುವಾಗ ಒಂದು ತುಂಡು, ಎಲೆ ಗುಡಿಸುವಾಗ ಒಂದು ತುಂಡು. ಸರೋವರದ ಪಕ್ಕದ ಪುಟ್ಟ ಊರು. ಊರ ಕ್ಲಬ್ಬಿನಲ್ಲಿ ಆರು ವರ್ಷಕ್ಕೇ ಆಟ. ಅವರ ತಂದೆ, "ಕಾಲಿನ ಕಸುಬು ಯಾವಾಗ ಬೇಕಾದರೂ ಮುರಿಯುತ್ತದೆ, ಕೈಯ ಕಸುಬೊಂದು ಇರಲಿ" ಎಂದು ಪ್ಲಂಬಿಂಗ್ ಕಲಿಯಲು ಹಾಕಿದ್ದರಂತೆ. ಹತ್ತೊಂಬತ್ತಕ್ಕೆ ಪಟ್ಟಣದ ದೊಡ್ಡ ಕ್ಲಬ್ಬು. ಹನ್ನೆರಡು ವರ್ಷ ಅಲ್ಲಿ, ಒಂದೇ ಜಾಗದಲ್ಲಿ, ಎಡಗಡೆ ಹಿಂದೆ, ಎದುರಾಳಿಗಳನ್ನು ತಡೆಯುವ ಲೆಫ್ಟ್ ಬ್ಯಾಕ್. "ಆ ಜಾಗದವನನ್ನು ಜನ ನೋಡುವುದು ಅವನು ತಪ್ಪು ಮಾಡಿದಾಗ ಮಾತ್ರ," ಎಂದರು ಒಮ್ಮೆ. ಸಾರಿನ ಉಪ್ಪಿನ ಹಾಗೆ ಎಂದೆ. ಒಂದು ಗಳಿಗೆ ಯೋಚಿಸಿ, ಹೌದು ಎಂದು ತಲೆಯಾಡಿಸಿದರು.

ದೇಶದ ತಂಡಕ್ಕೂ ಒಮ್ಮೆ ಕರೆ ಬಂದಿತ್ತು. ಎರಡು ಪಂದ್ಯ. ಎರಡರಲ್ಲೂ ಬದಲಿ ಆಟಗಾರ. ಮೈ ಬಿಸಿ ಮಾಡಿಕೋ ಎಂದರು, ಗೆರೆಯ ಆಚೆ ಓಡಾಡುತ್ತಲೇ ಇದ್ದರು, ಒಳಗೆ ಕರೆಯಲೇ ಇಲ್ಲ. "ಜೀವಮಾನದಲ್ಲಿ ಅಷ್ಟು ಬಿಸಿಯಾಗಿ ನಾನು ಯಾವತ್ತೂ ಇರಲಿಲ್ಲ," ಎಂದು ನಕ್ಕರು. ಆ ನಗು ಬೇಗ ಮುಗಿಯಿತು. ಆಮೇಲೆ ಮಂಡಿ ಕೈಕೊಟ್ಟಿತು. ಕಡೆಯ ವರ್ಷ ಊರ ಕ್ಲಬ್ಬಿಗೇ ಮರಳಿ ಆಡಿ, ಮಕ್ಕಳಿಗೆ ಕಲಿಸುವ ಕೆಲಸ ಹಿಡಿದು ಕೆರೊಲಿನಾಕ್ಕೆ ಬಂದರು. ಮದುವೆ ಒಂದಾಗಿ ಮುರಿದಿತ್ತು. ಅದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಪ್ಲಂಬಿಂಗ್ ಮಾತ್ರ ಮರೆತಿರಲಿಲ್ಲ. ನಮ್ಮ ಮನೆಯ ಪಕ್ಕದ ಗೋಡೆಯ ಹೊರಗಿನ ನಲ್ಲಿ ಯಾವಾಗಲೂ ತೊಟ್ಟಿಕ್ಕುತ್ತಿತ್ತು. ಆ ನೀರು ದಂಡವಾಗಬಾರದೆಂದು ಅದರ ಕೆಳಗೆ ಪುದೀನ ಹಾಕಿದ್ದೆ. ಒಂದು ದಿನ ಬಂದು, ಕೇಳದೆಯೇ ನಲ್ಲಿ ಬಿಚ್ಚಿ ವಾಷರ್ ಬದಲಾಯಿಸಿದರು. "ಪುದೀನಕ್ಕೆ ಇನ್ಮೇಲೆ ನೀವೇ ಹಾಕಬೇಕು," ಎಂದರು.

ಇನ್ನು ಆ ವರ್ಷದ, 2020ರ, ಅಕ್ಟೋಬರಿನ ಮಾತು.

ಆಯುಧ ಪೂಜೆಯನ್ನು ನಾವು ಗರಾಜಿನಲ್ಲಿ ಮಾಡುತ್ತೇವೆ. ಎರಡು ಕಾರು, ಗಾಲಿಗಳ ಕೆಳಗೆ ನಿಂಬೆಹಣ್ಣು, ಮಣೆಯ ಮೇಲೆ ಲ್ಯಾಪ್‌ಟಾಪು, ಮಿಕ್ಸಿ, ಕತ್ತರಿ, ಚಾಕು, ಯಜಮಾನರ ಡ್ರಿಲ್ಲು. ಅನು ಹಿಂದಿನ ದಿನ ಹುಲ್ಲಿನ ಆಚೆಯವರಿಗೆ ಹೇಳಿಬಂದಳು, ನಾಳೆ ನಾವು ಕೆಲಸದ ಸಾಮಾನಿಗೆಲ್ಲ ಪೂಜೆ ಮಾಡ್ತೀವಿ, ನಿಮ್ಮದೂ ಕೊಡಿ ಅಂತ. ಅವರು ವಿಸಿಲ್ ಕೊಡಲು ಹೋದರಂತೆ. "ನೋ, ರಿಯಲ್ ವರ್ಕ್," ಎಂದಳಂತೆ ಇವಳು. ಸ್ವಲ್ಪ ಹೊತ್ತು ಬಿಟ್ಟು ಒಂದು ಕಂದು ಪೇಪರ್ ಬ್ಯಾಗ್ ತಂದು ನಮ್ಮ ವರಾಂಡದಲ್ಲಿಟ್ಟು ಹೋದರು. ಒಳಗೆ ಈ ಬೂಟು.

"ಅಯ್ಯೋ, ಮೆಟ್ಟು!" ಎಂದೆ ನಾನು. "ಅತ್ತೆ, ಮಣೆ ಮೇಲೆ ಮೆಟ್ಟು ಇಡೋದಾ?"

ಅತ್ತೆ ಬ್ಯಾಗಿನೊಳಗೆ ಇಣುಕಿ ನೋಡಿದರು. ತುಂಬ ಹೊತ್ತು ನೋಡಿದರು. "ಕ್ಷೌರಿಕನಿಗೆ ಕತ್ತಿ, ನಿನಗೆ ಆ ಲ್ಯಾಪ್‌ಟಾಪು. ಆತ ಅನ್ನ ತಿಂದಿದ್ದು ಇದರಿಂದ ತಾನೆ? ದೇವರಿಗೆ ಗೊತ್ತಾಗಲ್ವಾ? ಆದ್ರೆ ಹೀಗೆ ಗಲೀಜು ಇಡೋದಲ್ಲ. ಚೆನ್ನಾಗಿ ತೊಳಿ."

ಆಯುಧವನ್ನು ತೊಳೆಯದೆ ಪೂಜೆಗೆ ಇಡುವುದುಂಟೇ? ಚಾಕು ತೊಳೆದಿದ್ದೆ, ಮಿಕ್ಸಿಯ ಬ್ಲೇಡು ತೊಳೆದಿದ್ದೆ, ಕಾರು ತೊಳೆದಾಗಿತ್ತು. ಬೂಟನ್ನೂ ಹೊರಗಿನ ನಲ್ಲಿಗೆ ಒಯ್ದು ಸಣ್ಣ ಸ್ಟೂಲು ಹಾಕಿಕೊಂಡು ಕೂತೆ. ಗುಬ್ಬಿಗಳ ನಡುವೆ ಕಲ್ಲಿನಂತೆ ಗಟ್ಟಿಯಾದ ಕರಿಮಣ್ಣು, ಅದರಲ್ಲಿ ಒಣಹುಲ್ಲಿನ ಎಳೆಗಳು. ಹಳೆಯ ಟೂತ್‌ಬ್ರಷ್ಷು, ಐಸ್‌ಕ್ರೀಮ್ ಕಡ್ಡಿ, ಸೋಪಿನ ನೀರು, ಒಂದು ಗಂಟೆ. ಹೊಲಿಗೆಯ ಸಂದಿಯನ್ನೂ ಬಿಡಲಿಲ್ಲ. ನನಗೆ ದಿನಾ ಎರಡು ಸಾಲು ಡೈರಿ ಬರೆಯುವ ಅಭ್ಯಾಸ. ಆವತ್ತಿನ ಪುಟದಲ್ಲಿ ಹೀಗಿದೆ: "ಬೂದುಗುಂಬಳ ಸಿಕ್ಕಿತು. ಕೋಚ್ ಬೂಟು ತೊಳೆದೆ, ಹೊಸದರ ಹಾಗೆ ಬಂತು."

ಮಣೆಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಅದು ಒಂದು ದಿನ ಕೂತಿತ್ತು. ವಿಜಯದಶಮಿಯ ಬೆಳಗ್ಗೆ ಅವರು ಬಂದರು. ಗರಾಜಿನ ಬಾಗಿಲಿಗೆ ಆರಡಿ ದೂರ ನಿಂತರು. ನಾನು ಬೂಟನ್ನು ಹೆಮ್ಮೆಯಿಂದ ಕೊಟ್ಟೆ. ಅವರು ಒಂದನ್ನು ಎತ್ತಿ ತಿರುಗಿಸಿ ಅಡಿಭಾಗ ನೋಡಿದರು. ಇನ್ನೊಂದನ್ನೂ ತಿರುಗಿಸಿದರು. ಹೆಬ್ಬೆರಳನ್ನು ಗುಬ್ಬಿಗಳ ನಡುವೆ ಆಡಿಸಿದರು.

"ತುಂಬಾ ಸ್ವಚ್ಛವಾಗಿದೆ," ಎಂದರು. "ಥ್ಯಾಂಕ್ಯೂ."

ಮಾರನೆಯ ದಿನ ಹತ್ತು ಗಂಟೆಗೆ ಚೆಂಡಿನ ಸದ್ದು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅತ್ತೆ ಕುರ್ಚಿಯಲ್ಲಿ ಕೂತು ಆ ಕಡೆಯೇ ನೋಡುತ್ತಿದ್ದರು. "ಜ್ವರಗಿರ ಬಂತೇನೋ, ನೋಡೇ. ಕಾಲ ಬೇರೆ ಕೆಟ್ಟದ್ದು." ಸಂಜೆ ಅನು ಹೋಗಿ ಅವರ ಬಾಗಿಲು ತಟ್ಟಿ ಮಾತಾಡಿಬಂದಳು. ಬಂದವಳ ಮುಖ ಸಣ್ಣಗಾಗಿತ್ತು.

"ಅಮ್ಮಾ, ಅದು ಸುಮ್ನೆ ಮಣ್ಣಲ್ಲ. ದಟ್ ವಾಸ್ ಹಿಸ್ ಲಾಸ್ಟ್ ಗೇಮ್. ಯು ವಾಶ್ಡ್ ಇಟ್."

ಊರ ಮೈದಾನದಲ್ಲಿ ಮಳೆ ಸುರಿಯುತ್ತಿದ್ದ ದಿನ. ಕಡೆಯ ಆಟವೆಂದು ಅವರಿಗೆ ಗೊತ್ತಿತ್ತು. ಮಂಡಿ ಊದಿದ್ದರೂ ಕೊನೆಯವರೆಗೂ ಆಡಿ, ಬೂಟು ಬಿಚ್ಚಿ, ಹಾಗೆಯೇ ಬ್ಯಾಗಿಗೆ ಹಾಕಿಕೊಂಡಿದ್ದರಂತೆ. ಮತ್ತೆ ಹಾಕಲಿಲ್ಲ, ಒರೆಸಲಿಲ್ಲ. ಅಮೆರಿಕಕ್ಕೆ ಬರುವಾಗ ವಿಮಾನದಲ್ಲಿ ಕೊಟ್ಟ ಫಾರಂನಲ್ಲಿ, ಮಣ್ಣು ತರುತ್ತಿದ್ದೀರಾ ಎಂಬ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದರಂತೆ. ಐದು ನಿಮಿಷ ಮೊದಲೇ ಬಂದು ಮೇಲ್‌ಬಾಕ್ಸ್ ಹತ್ತಿರ ಕಾಯುವ ಮನುಷ್ಯ, ಅದೊಂದು ಸುಳ್ಳು ಹೇಳಿದ್ದರು.

ಚಕ್ಕುಲಿಯ ಡಬ್ಬಿ ಹಿಡಿದುಕೊಂಡು ಹೋದೆ. ಮಾಸ್ಕಿನೊಳಗಿಂದಲೇ ಸಾರಿ ಎಂದೆ, ಗೊತ್ತಿರಲಿಲ್ಲ ಎಂದೆ, ನಮ್ಮಲ್ಲಿ ಗೌರವಕ್ಕೇ ತೊಳೆಯುವುದು ಎಂದೆ. ಅವರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಎಲ್ಲಿ ತೊಳೆದಿರಿ?"

"ಹೊರಗಿನ ನಲ್ಲಿಯಲ್ಲಿ."

"ಸಿಂಕಿನಲ್ಲಿ ಅಲ್ಲ?"

"ಮೆಟ್ಟನ್ನು ಸಿಂಕಿನಲ್ಲಿ ತೊಳೆಯುತ್ತೇವಾ?"

ಚಪ್ಪಲಿ ಹಾಕಿಕೊಂಡು ನನ್ನ ಹಿಂದೆ ಬಂದರು. ನಲ್ಲಿಯ ಬಳಿ ಕೆಟ್ಟ ಮಂಡಿಯನ್ನು ಚಾಚಿ ಕುಕ್ಕರಿಸಿದರು. ಪ್ಲಂಬರ್ ನೋಡುವ ಹಾಗೆ ನೋಡಿದರು: ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಇಳಿಯುತ್ತದೆ, ಎಲ್ಲಿ ಇಂಗುತ್ತದೆ. ಪುದೀನದ ಬುಡದಲ್ಲಿ ಬೆರಳಿಟ್ಟರು. ನಮ್ಮ ಕೆಂಪು ಜೇಡಿಯ ಮೇಲೆ ಅಲ್ಲಲ್ಲಿ ಕರಿಯ ಹುಡಿ ಇನ್ನೂ ಕಾಣುತ್ತಿತ್ತು.

"ಪೈಪಿಗೆ ಹೋಗಿಲ್ಲ," ಎಂದರು. "ಹಾಗಾದರೆ ಇಲ್ಲೇ ಇದೆ."

ಹಿಂದೆ ಅತ್ತೆ ಬಂದು ನಿಂತಿದ್ದರು. "ತಪ್ಪು ಅವಳದ್ದಲ್ಲ ಮೇಷ್ಟ್ರೇ. ತೊಳಿ ಅಂದೋಳು ನಾನು. ಹೊಟ್ಟೆಗೆ ಹಾಕ್ಕೊಳ್ಳಿ." ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕೆನ್ನುವಷ್ಟರಲ್ಲಿ ಅವರು ಎದ್ದು, ಮಣ್ಣಾದ ಕೈಗಳನ್ನೇ ಜೋಡಿಸಿ, "ಸಾಕು, ಅಜ್ಜಿ," ಎಂದರು.

ಮಾರನೆಯ ದಿನ ಹತ್ತಕ್ಕೆ ಸರಿಯಾಗಿ ಟಪ್, ಟಪ್, ಟಪ್. ಅತ್ತೆ ಕಣ್ಣೊರೆಸಿಕೊಂಡು, "ಊಟ ಆಯ್ತಾ?" ಎಂದು ಕೂಗಿದರು.

ಅಂದಿನಿಂದ ಒಂದು ಹೊಸ ಅಭ್ಯಾಸ ಶುರುವಾಯಿತು. ಭಾನುವಾರದ ಸಂಜೆ ಬಂದು ನಲ್ಲಿಯ ಹತ್ತಿರದಿಂದ ಒಂದು ಹಿಡಿ ಪುದೀನ ಕೊಯ್ದು ಒಯ್ಯುವರು, ಟೀಗೆ. ಅಂಗಡಿಯಲ್ಲಿ ದೊಡ್ಡ ಎಲೆಯದು ಸಿಗುತ್ತದಲ್ಲ ಎಂದರೆ, "ಅದು ಬೇರೆ," ಎನ್ನುವರು. ಮರುವರ್ಷ ಅತ್ತೆ ಮೈಸೂರಿಗೆ ಹೊರಟಾಗ ಕಾರಿನ ಬಾಗಿಲು ಹಿಡಿದು ನಿಂತವರು, ಕಾರು ತಿರುವು ದಾಟುವವರೆಗೂ ಕಾಲು ಜೋಡಿಸಿಕೊಂಡೇ ನಿಂತಿದ್ದರು.

ಇನ್ನೊಂದು ಹೇಳಬೇಕು. ವಿಶ್ವಕಪ್ಪಿನ ವರ್ಷ ಅವರ ದೇಶದ ಆಟವಿದ್ದ ದಿನ ನಮ್ಮ ಮನೆಯಲ್ಲಿ ಜನ ಸೇರಿದ್ದರು. ಅವರನ್ನೂ ಕರೆದಿದ್ದೆವು. ಬಂದರು, ಆದರೆ ಟಿವಿಯ ಕಡೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಬೆನ್ನು ಮಾಡಿ ಕೂತು ನನ್ನ ಜೊತೆ ಮೆಂತ್ಯ ಸೊಪ್ಪು ಬಿಡಿಸಿದರು. ಆಚೆಯಿಂದ ಗದ್ದಲ ಕೇಳಿದಾಗಲೆಲ್ಲ, ತಲೆ ಎತ್ತದೆ, "ಎಡಗಡೆಯವನು ತುಂಬಾ ಮುಂದೆ ಹೋಗಿದ್ದಾನೆ," ಎನ್ನುವರು. ಒಂದು ನಿಮಿಷಕ್ಕೆ ಹಾಲ್‌ನಿಂದ ನನ್ನ ಯಜಮಾನರು, "ಅಯ್ಯೋ, ಲೆಫ್ಟ್ ಸೈಡ್ ಪೂರ್ತಿ ಖಾಲಿ ಬಿಟ್ಟನಲ್ಲಪ್ಪಾ!" ಎಂದು ಕಿರುಚುವರು.

"ನೋಡದೆ ಹೇಗೆ ಗೊತ್ತಾಯಿತು?" ಎಂದೆ.

"ನೋಡಿದರೆ ಕಾಲು ಸುಮ್ಮನಿರುವುದಿಲ್ಲ," ಎಂದರು. ಮೇಜಿನ ಕೆಳಗೆ ನೋಡಿದೆ. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟಿತ್ತು, ಯಾರೋ ಈಗ ಕರೆಯುತ್ತಾರೆ ಎನ್ನುವಂತೆ.

2024ರ ವಸಂತದಲ್ಲಿ ಅವರ ಊರ ಕ್ಲಬ್ಬಿನವರೇ ಚಿಕ್ಕ ಮಕ್ಕಳಿಗೆ ಕಲಿಸಲು ಅವರನ್ನು ವಾಪಸು ಕರೆದರು. ಹೊರಡುವ ಬೆಳಗ್ಗೆ ಮನೆ ಖಾಲಿಯಾಗಿತ್ತು. ಹುಲ್ಲಿನ ಮೇಲೆ ಕುಂಟುತ್ತ ಬಂದರು. ನೋಡಿದರೆ ಕಾಲಲ್ಲಿ ಆ ಬೂಟು! ಲೇಸು ಚಪ್ಪಟೆ, ಗಂಟು ಹೊರಮಗ್ಗುಲಿಗೆ, ಮೂತಿಯ ಮೇಲೆ ಅತ್ತೆ ಇಟ್ಟ ಕುಂಕುಮ ಹಾಗೇ. ನಮ್ಮ ಕಡೆ ನೋಡದೆ ನೇರ ನಲ್ಲಿಯ ಬಳಿ ಹೋದರು. ತಿರುಗಿಸಿದರು. ಪುದೀನದ ಪಕ್ಕದ ಜೇಡಿ ಚೆನ್ನಾಗಿ ನೆನೆಯುವ ತನಕ ಕಾದರು. ಎಡಗಾಲು ಮೊದಲು, ಆಮೇಲೆ ಬಲಗಾಲು, ಒತ್ತಿ ಒತ್ತಿ ತುಳಿದರು. ನಿಧಾನವಾಗಿ, ಮಗುವಿಗೆ ಹೆಜ್ಜೆ ಕಲಿಸುವ ಹಾಗೆ.

ಹದಿನೈದರ ಅನು ಜೋರಾಗಿ ನಗಲು ಹೋಗಿ ಅತ್ತಳು.

"ಏರ್‌ಪೋರ್ಟಿನಲ್ಲಿ ಮಣ್ಣಿದೆಯಾ ಎಂದು ಕೇಳಿದರೆ?" ಎಂದೆ.

"ತರುವಾಗ ಸುಳ್ಳು ಹೇಳಿದ್ದೆ," ಎಂದು ಬೂಟು ಬಿಚ್ಚುತ್ತ ಹೇಳಿದರು. "ಒಯ್ಯುವಾಗಲೂ ಅದನ್ನೇ ಹೇಳುತ್ತೇನೆ."

ಎರಡನ್ನೂ ಪೇಪರ್ ಬ್ಯಾಗಿಗೆ ಹಾಕಿಕೊಂಡರು. ಟ್ಯಾಕ್ಸಿ ಬರಲು ಇನ್ನೂ ಐದು ನಿಮಿಷವಿತ್ತು. ನಮ್ಮ ಮೇಲ್‌ಬಾಕ್ಸ್ ಹತ್ತಿರ ಹೋಗಿ, ಆಕಾಶ ನೋಡುತ್ತ ನಿಂತರು.

ಈಗ ಪಕ್ಕದ ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ. ಬೆಳಗ್ಗೆ ಹತ್ತಾಗುವಾಗ ಮೀಟಿಂಗಿನಲ್ಲಿದ್ದರೂ ನನ್ನ ಕಿವಿ ಆ ಕಡೆ ಹೋಗುತ್ತದೆ. ಅತ್ತೆ ಮೈಸೂರಿನಿಂದ ಫೋನ್ ಮಾಡಿದಾಗ ಈಗಲೂ ಮೊದಲು ಮೇಷ್ಟ್ರ ಸುದ್ದಿಯನ್ನೇ ಕೇಳುವರು. ಮಂಗಳವಾರ ರಾತ್ರಿ ಹೇಳಬೇಕಾಯಿತು. ಅತ್ತೆ, "ಆ ಬೂಟು ಎಲ್ಲಿದೆಯಂತೆ?" ಎಂದರು. ಅಕ್ಕನ ಮೆಸೇಜನ್ನು ಓದಿ ಹೇಳಿದೆ.

"ಮತ್ತೆ ಕೂತ್ಕೊಂಡು ಏನ್ ಯೋಚ್ನೆ ಮಾಡ್ತಿದ್ದೀಯ?" ಎಂದು ಗದರಿದರು. "ಬರಿ, ಬರಿ. ಆಯಮ್ಮ ಬ್ರಷ್ ತಗೊಳ್ಳೋಕೆ ಮುಂಚೆ ಬರಿ."

ಬರೆದೆ. ಗರಾಜು, ಮಣೆ, ನಲ್ಲಿ, ಟೂತ್‌ಬ್ರಷ್ಷು, ಎಲ್ಲವನ್ನೂ ಬರೆದೆ. ಕೆಂಪು ಮಣ್ಣು ನಮ್ಮ ಮನೆಯದು ಎಂದು ಬರೆದೆ. ಆ ಕೆಂಪಿನೊಳಗೆ ನಿಮ್ಮ ಕರಿಯ ಮಣ್ಣೂ ಇದೆ, ಹುಡುಕಿದರೆ ಕಾಣುವುದಿಲ್ಲ, ಆದರೆ ಇದೆ. ನಿಮ್ಮ ತಮ್ಮನೇ ಬೆರಳಿಟ್ಟು ನೋಡಿದ್ದರು. ಗಾಜಿನ ಬೀರುವಿನಲ್ಲಿ ಹೀಗೇ ಇಟ್ಟರೆ ಸುಳ್ಳಾಗುವುದಿಲ್ಲ. ತೊಳೆಯಬೇಡಿ. ಒಂದು ಸಲ ನಾನು ತೊಳೆದದ್ದೇ ಸಾಕು.

ಆ ಕಡೆಯ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಅಳಿಸಿ, 'ಸಾಕು' ಎಂದೇ ಬರೆದೆ. ಕಳಿಸಿದ ಮೇಲೆ, ಅವರಿಗೆ ಅರ್ಥವಾಗದಲ್ಲ ಎಂದು ಹೊಳೆಯಿತು. ಆದರೆ ಹತ್ತು ನಿಮಿಷಕ್ಕೆ ಉತ್ತರ ಬಂತು. "ತೊಳೆಯುವುದಿಲ್ಲ. ಆ ಮಾತು ಇಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ಆಟ ನಿಲ್ಲಿಸಲು ಅವನು ಅದನ್ನೇ ಹೇಳುತ್ತಿದ್ದ."